ಬಸ್ಸಿನಲ್ಲಿ ಬಂದ ಟ್ಯೂಬು

ನಾನು ಹುಬ್ಬಳ್ಳಿಯಲ್ಲಿ ಲ್ಯಾಬ್ ಟೆಕ್ನಿಷಿಯನ್. ರಕ್ತ ಹೆಪ್ಪುಗಟ್ಟುವ ಪರೀಕ್ಷೆಗಳೇ ನನ್ನ ಕೈಗೆ ಜಾಸ್ತಿ ಬರುತ್ತವೆ. ಒಮ್ಮೆ ಗದಗಿನಿಂದ ಬಸ್ಸಿನಲ್ಲಿ ಒಂದು ನೀಲಿ ಮುಚ್ಚಳದ ಟ್ಯೂಬು ಬಂತು. ಹನ್ನೊಂದು ವರ್ಷದ ಹುಡುಗಿಯದು. ಹಲ್ಲು ಕಿತ್ತಿಸಿ ಎರಡು ದಿನವಾದರೂ ರಕ್ತ ಜಿನುಗುತ್ತಲೇ ಇತ್ತಂತೆ.

ರಕ್ತ ಹೆಪ್ಪುಗಟ್ಟಲು ಎಷ್ಟು ಸೆಕೆಂಡು ಬೇಕೆಂದು ನೋಡುವ ಪಿಟಿ, ಎಪಿಟಿಟಿ ಪರೀಕ್ಷೆ ಎರಡಕ್ಕೂ ಮಾಮೂಲಿಗಿಂತ ಹೆಚ್ಚು ಹೊತ್ತು ಹಿಡಿಯಿತು. ಆರೋಗ್ಯವಂತರ ಪ್ಲಾಸ್ಮಾ (ರಕ್ತದ ದ್ರವ ಭಾಗ) ಅರ್ಧಕ್ಕರ್ಧ ಬೆರೆಸಿದೆ, ಸರಿಹೋಯಿತು. ಅಂದರೆ ಏನೋ ಕೊರತೆ ಇದೆ. ರಕ್ತ ಹೆಪ್ಪುಗಟ್ಟಿಸುವ ಪ್ರೋಟೀನುಗಳಿಗೆ ಫ್ಯಾಕ್ಟರ್ ಅನ್ನುತ್ತೇವೆ. ಒಂದೊಂದೇ ಅಳೆದರೆ ಫ್ಯಾಕ್ಟರ್ 5 ಮತ್ತು 8, ಎರಡೂ ಮಾಮೂಲಿನ ಶೇ. 15ರ ಆಸುಪಾಸು. ಉಳಿದವು ನೆಟ್ಟಗಿದ್ದವು.

ನನಗೆ ಮೊದಲು ಬಂದದ್ದು ಸಿಟ್ಟು. ಟ್ಯೂಬು ಸೆಕೆಯಲ್ಲಿ ಹೊತ್ತು ಕಳೆದರೆ ಮೊದಲು ಕೆಡುವುದು ಇವೇ ಎರಡು, ಅಲ್ವಾ! ರಿಪೋರ್ಟ್ ತಡೆದು, ಹುಡುಗಿಯನ್ನೇ ಕರೆಸಿದೆ. ಗೆರೆ ಮುಟ್ಟುವಷ್ಟು ರಕ್ತ ನಾನೇ ತೆಗೆದೆ. ಟ್ಯೂಬಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಸಿಟ್ರೇಟ್ ಒಂದು ಪಾಲಿದ್ದರೆ ಒಂಬತ್ತು ಪಾಲು ರಕ್ತ ಇರಲೇಬೇಕು. ಕೂಡಲೇ ಯಂತ್ರದಲ್ಲಿ ತಿರುಗಿಸಿ, ಪ್ಲಾಸ್ಮಾ ಬೇರ್ಪಡಿಸಿ ಅಳೆದೆ. ಮತ್ತೆ ಅದೇ ಅಂಕಿ.

ರಕ್ತ ಬೇಗ ಹೆಪ್ಪುಗಟ್ಟದ ಆನುವಂಶಿಕ ರೋಗ ಹಿಮೋಫಿಲಿಯಾ ಎ ಆಗಿದ್ದರೆ 8 ಮಾತ್ರ ಇಳಿಯಬೇಕು, ಪಿಟಿ ಸರಿ ಇರಬೇಕು. ಅದು ಹುಡುಗಿಯರಲ್ಲಿ ಅಪರೂಪ ಬೇರೆ.

"ಸಂಬಂಧದಾಗ ಮದುವಿ ಏನ್ರೀ?" ಎಂದು ಅವರವ್ವನನ್ನು ಕೇಳಿದೆ.

"ಹೌದ್ರೀ, ಸೋದರಮಾವಗ ಕೊಟ್ಟಾರ."

ನಮ್ಮ ಪೆಥಾಲಜಿ ಮೇಡಂ ಜೀನ್ ಪರೀಕ್ಷೆಗೆ ಕಳಿಸಿದರು. ಫ್ಯಾಕ್ಟರ್ 5 ಮತ್ತು 8ರ ಜೀನ್‌ಗಳಲ್ಲಿ ದೋಷವೇ ಇಲ್ಲ! ಜೀವಕೋಶ ಇವೆರಡನ್ನೂ ತಯಾರಿಸುತ್ತದೆ. ಆದರೆ ಕೋಶದೊಳಗೆ ಇವು ತಯಾರಾಗುವ ಜಾಗವಾದ ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್‌ನಿಂದ ಹೊರಗೆ ಕಳಿಸಲು ಸಜ್ಜು ಮಾಡುವ ಗಾಲ್ಗಿಗೆ ಇವನ್ನು ಸಾಗಿಸಬೇಕಾದ ಪ್ರೋಟೀನ್ ಜೋಡಿಯಲ್ಲಿ ಒಂದು ಕೆಟ್ಟಿರುತ್ತದೆ. ಆ ಜೋಡಿಯಲ್ಲಿ ಎಲ್‌ಎಂಎಎನ್1 ಕೆಟ್ಟರೆ 5, 8 ಎರಡೂ ಒಟ್ಟಿಗೆ ಇಳಿಯುತ್ತವೆಂದು ಪತ್ತೆಯಾದದ್ದು 1998ರಲ್ಲಿ, ಎಂಸಿಎಫ್‌ಡಿ2 2003ರಲ್ಲಿ. ಇವಳಲ್ಲಿ ಕೆಟ್ಟಿದ್ದು ಎರಡನೆಯದು. ಅಪ್ಪ, ಅವ್ವ ಇಬ್ಬರಿಂದಲೂ ಕೆಟ್ಟ ಪ್ರತಿ ಬಂದರೆ ಮಾತ್ರ ಈ ರೋಗ.

ಅವರಪ್ಪ ಎಪಿಎಂಸಿಯಲ್ಲಿ ಹಮಾಲ. ಅವರಿಗೆ ಹೀಗೆ ಹೇಳಿದೆ: ಎಲ್‌ಎಂಎಎನ್1 ಹಮಾಲ ಇದ್ದಂಗ, ಎಂಸಿಎಫ್‌ಡಿ2 ಅವನ ಕೈಯಾಗಿನ ಕೊಕ್ಕಿ. "ಅಂದ್ರ ಮಾಲು ಐತಿ, ಎತ್ತಾಕ ಆಗವಲ್ದು," ಎಂದರು. ಪೂರ್ತಿ ಹಾಗಲ್ಲ, ಸ್ವಲ್ಪ ತಾನಾಗಿಯೇ ಹೊರಬೀಳುತ್ತದೆ. ಅದಕ್ಕೇ ಸೊನ್ನೆ ಬರುವುದಿಲ್ಲ.

ಫ್ಯಾಕ್ಟರ್ 8 ಇಂಜೆಕ್ಷನ್ ಸಿಗುತ್ತದೆ. 5ಕ್ಕೆ ಬೇರೆ ಇಂಜೆಕ್ಷನ್ ಇಲ್ಲ, ಫ್ರೀಜರಿನ ಪ್ಲಾಸ್ಮಾ ಕರಗಿಸಿ ಏರಿಸಬೇಕು. ಇನ್ನು ಮುಂದೆ ಹಲ್ಲು ಕೀಳಿಸುವ ಮೊದಲೇ ಅದನ್ನು ಕೊಡಿಸಲು ಮೇಡಂ ಚೀಟಿ ಬರೆದುಕೊಟ್ಟರು.

ಹುಡುಗಿಗೆ ಒಬ್ಬ ತಮ್ಮ ಇದ್ದಾನೆ. ಅವನಿಗೂ ಇರುವ ಸಾಧ್ಯತೆ ನಾಲ್ಕರಲ್ಲಿ ಒಂದು. "ಅವನ ರಕ್ತಾನೂ ಕಳಿಸ್ತೀವ್ರೀ," ಎಂದರು ಅಪ್ಪ. ಟ್ಯೂಬು ಬ್ಯಾಡ, ಹುಡುಗನ್ನs ಕರಕೊಂಡ ಬರ್ರಿ ಅಂದೆ.