ರಿಪಬ್ಲಿಕನ್ ಪಕ್ಷದೊಳಗಿದ್ದೇ ಗರ್ಭಪಾತದ ಹಕ್ಕಿಗಾಗಿ ಕೆಲಸ ಮಾಡುವ ಬಗೆ

ತೆರಿಗೆ, ವ್ಯಾಪಾರ, ರಕ್ಷಣೆಯಂಥ ವಿಷಯಗಳಲ್ಲಿ ಅಮೆರಿಕದ ರಿಪಬ್ಲಿಕನ್ ಪಕ್ಷವನ್ನು ಒಪ್ಪಿ, ಗರ್ಭಪಾತಕ್ಕೆ ಅದು ತೋರುವ ವಿರೋಧವನ್ನು ಮಾತ್ರ ಒಪ್ಪದವರಿಗೆ ಎದುರಾಗುವ ಮೊದಲ ಆಕ್ಷೇಪ, ಅವರು ನಿಜವಾದ ಪಕ್ಷದವರೇ ಅಲ್ಲ ಎಂಬುದು. ಇದಕ್ಕೆ ಪಕ್ಷದ ಇತಿಹಾಸದಿಂದಲೇ ಉತ್ತರ ಕೊಡಿ. 1967ರಲ್ಲಿ ಕ್ಯಾಲಿಫೋರ್ನಿಯಾದ ಗರ್ಭಪಾತ ಕಾನೂನನ್ನು ಸಡಿಲಿಸಿದ ಮಸೂದೆಗೆ ಸಹಿ ಹಾಕಿದವರು ಅಂದಿನ ಗವರ್ನರ್ ರೊನಾಲ್ಡ್ ರೇಗನ್. ಗರ್ಭಪಾತವನ್ನು ಸಾಂವಿಧಾನಿಕ ಹಕ್ಕೆಂದು ಸಾರಿದ ಸುಪ್ರೀಂ ಕೋರ್ಟಿನ 1973ರ ರೋ ತೀರ್ಪಿನ ಪರವಿದ್ದ ಏಳು ನ್ಯಾಯಮೂರ್ತಿಗಳಲ್ಲಿ ಐವರನ್ನು ನೇಮಿಸಿದ್ದು ರಿಪಬ್ಲಿಕನ್ ಅಧ್ಯಕ್ಷರು. ರೇಗನ್ ಮುಂದೆ ನಿಲುವು ಬದಲಿಸಿದರೆಂಬುದನ್ನು ಎದುರಾಳಿ ಎತ್ತುವ ಮೊದಲು ನೀವೇ ಹೇಳಿಬಿಡಿ.

ವಾದವನ್ನು ಸಂಪ್ರದಾಯವಾದಿಗಳು ದಿನವೂ ಆಡುವ ಮಾತಿನಲ್ಲಿಯೇ ಕಟ್ಟಬೇಕು. ರೋ ತೀರ್ಪು ರದ್ದಾದ ಕೆಲವೇ ವಾರಗಳಲ್ಲಿ, 2022ರ ಆಗಸ್ಟ್ 2ರಂದು, ರಿಪಬ್ಲಿಕನ್ ಮತದಾರರೇ ಹೆಚ್ಚಿರುವ ಕಾನ್ಸಾಸ್‌ನಲ್ಲಿ ರಾಜ್ಯ ಸಂವಿಧಾನದಿಂದ ಈ ಹಕ್ಕನ್ನು ತೆಗೆಯುವ ತಿದ್ದುಪಡಿಯನ್ನು ಸುಮಾರು ಶೇ. 59ರಷ್ಟು ಮತದಾರರು ತಿರಸ್ಕರಿಸಿದರು. ಅಲ್ಲಿನ ಪ್ರಚಾರವು ಖಾಸಗಿ ವೈದ್ಯಕೀಯ ನಿರ್ಧಾರದಲ್ಲಿ ಸರ್ಕಾರದ ಹಸ್ತಕ್ಷೇಪ ಬೇಡವೆಂಬ ಮಾತಿಗೆ ಒತ್ತು ಕೊಟ್ಟಿತ್ತು. ಸೀಮಿತ ಸರ್ಕಾರದ ತತ್ವವನ್ನು ನಂಬುವವರಿಗೆ ಅದು ಪರಕೀಯವೆನಿಸಲಿಲ್ಲ.

ಪಕ್ಷದ ರಾಷ್ಟ್ರೀಯ ಪ್ರಣಾಳಿಕೆಯ ಮೇಲಿನ ಜಗಳದಲ್ಲಿ ಶಕ್ತಿ ಸವೆಸುವುದು ನನ್ನ ದೃಷ್ಟಿಯಲ್ಲಿ ವ್ಯರ್ಥ. 1996ರಲ್ಲಿ ಪೀಟ್ ವಿಲ್ಸನ್, ವಿಲಿಯಂ ವೆಲ್ಡ್ ಅವರಂಥ ಗವರ್ನರುಗಳೇ ಗರ್ಭಪಾತ ವಿರೋಧಿ ಭಾಗವನ್ನು ಕೈಬಿಡಬೇಕೆಂದು ಹೋರಾಡಿದರೂ ಸಿಕ್ಕಿದ್ದು, ಸೋತ ತಿದ್ದುಪಡಿಗಳನ್ನು ಅಚ್ಚುಹಾಕಿದ ಒಂದು ಅನುಬಂಧ ಮಾತ್ರ. 2024ರ ಪ್ರಣಾಳಿಕೆ ವಿಷಯವನ್ನು ರಾಜ್ಯಗಳಿಗೆ ಬಿಟ್ಟಿದೆ. ಆದ್ದರಿಂದ ಕೆಲಸವೂ ರಾಜ್ಯ ಶಾಸನಸಭೆಯ ಮಟ್ಟದಲ್ಲಿಯೇ ನಡೆಯಬೇಕು. ನಿಮ್ಮ ಪ್ರದೇಶದ ಪ್ರೀಸಿಂಕ್ಟ್ (ಅತಿ ಚಿಕ್ಕ ಮತದಾನ ವಲಯ) ಸಮಿತಿಯ ಸ್ಥಾನ ಖಾಲಿಯಿದೆಯೇ ಎಂದು ಕೌಂಟಿಯ, ಅಂದರೆ ಜಿಲ್ಲಾ ಮಟ್ಟದ, ಪಕ್ಷದ ಕಚೇರಿಯಲ್ಲಿ ವಿಚಾರಿಸಿ. ಆ ಸ್ಥಾನ ಸಿಕ್ಕರೆ ಬರೀ ಈ ಒಂದೇ ವಿಷಯ ಮಾತನಾಡದೆ, ಮನೆಮನೆ ಪ್ರಚಾರ, ಸಭೆಗಳ ಸಿದ್ಧತೆ ಮುಂತಾದ ದುಡಿಮೆಯಲ್ಲಿ ಪಾಲ್ಗೊಂಡು ವಿಶ್ವಾಸ ಗಳಿಸಿ.

ಎಲ್ಲಕ್ಕಿಂತ ಮುಖ್ಯವಾದದ್ದು, ನಿಮ್ಮ ಪರ ಮತ ಹಾಕಿದ ಶಾಸಕರನ್ನು ಪ್ರೈಮರಿಯಲ್ಲಿ, ಅಂದರೆ ಪಕ್ಷದ ಅಭ್ಯರ್ಥಿಯನ್ನು ಆರಿಸುವ ಚುನಾವಣೆಯಲ್ಲಿ, ಕಾಪಾಡುವುದು. ದಕ್ಷಿಣ ಕ್ಯಾರೊಲೈನಾದ ಸೆನೆಟ್‌ನಲ್ಲಿ 2023ರಲ್ಲಿ ಬಹುತೇಕ ಸಂಪೂರ್ಣ ನಿಷೇಧವನ್ನು ತಡೆದ ಐವರು ಮಹಿಳೆಯರಲ್ಲಿ ಮೂವರು ರಿಪಬ್ಲಿಕನ್ನರು: ಕತ್ರೀನಾ ಶೀಲಿ, ಪೆನ್ರಿ ಗಸ್ಟಾಫ್ಸನ್, ಸ್ಯಾಂಡಿ ಸೆನ್. ಮರುವರ್ಷ ಆ ಮೂವರೂ ಸ್ವಪಕ್ಷದ ಸ್ಪರ್ಧೆಯಲ್ಲಿ ಸೋತರು. ಪ್ರೈಮರಿಗೆ ಬರುವ ಮತದಾರರು ಕಡಿಮೆ, ಬಂದವರಲ್ಲಿ ಗರ್ಭಪಾತದ ಕಟ್ಟಾ ವಿರೋಧಿಗಳೇ ಹೆಚ್ಚು. ಹೀಗಾಗಿ ಯಾವ ಮತದಾರರೂ ಭಾಗವಹಿಸಬಹುದಾದ ಮುಕ್ತ ಪ್ರೈಮರಿ ಇರುವ ಆ ರಾಜ್ಯದಂಥ ಕಡೆ ಪಕ್ಷೇತರ ಮತದಾರರನ್ನೂ ಕರೆತನ್ನಿ; ಫ್ಲೋರಿಡಾ, ಪೆನ್ಸಿಲ್ವೇನಿಯಾಗಳಲ್ಲಿ ಪಕ್ಷದ ಹೆಸರಿನಲ್ಲಿ ನೋಂದಾಯಿಸಿಕೊಂಡವರಿಗಷ್ಟೇ ಮತ ಇರುವುದರಿಂದ, ನೋಂದಣಿಯ ಗಡುವಿಗೆ ಮೊದಲೇ ಈ ಕೆಲಸ ಆರಂಭವಾಗಬೇಕು.

ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರು ಒಂದು ನಿಯಮ ಗಮನಿಸಬೇಕು: ಗ್ರೀನ್ ಕಾರ್ಡ್ ಇದ್ದವರು ಫೆಡರಲ್ ಚುನಾವಣೆಯ ಅಭ್ಯರ್ಥಿಗೆ ದೇಣಿಗೆ ಕೊಡಬಹುದು, ಮತ ಹಾಕುವಂತಿಲ್ಲ. ಎಚ್-1ಬಿ ವೀಸಾದಲ್ಲಿರುವವರು ಫೆಡರಲ್, ರಾಜ್ಯ, ಸ್ಥಳೀಯ ಯಾವ ಅಭ್ಯರ್ಥಿಗೂ ದೇಣಿಗೆ ಕೊಡುವಂತಿಲ್ಲ.