ಅರ್ಧ ಗಂಟೆಯಲ್ಲಿ ಬಂದ ಆಫರ್: ಪೀಣ್ಯದಲ್ಲಿ ನಾನು ಒಪ್ಪಿಕೊಂಡಿದ್ದು ಹೇಗೆ

ಇಂಟರ್‌ವ್ಯೂ ಮುಗಿಸಿ ಬಸ್‌ಸ್ಟಾಪ್‌ಗೆ ಬರುವಷ್ಟರಲ್ಲಿ ಆಫರ್ ಬಂದರೆ ಆ ಕಂಪನಿ ಕಡೆ ತಲೆ ಹಾಕಬೇಡಿ ಅಂತ ಎಲ್ಲರೂ ಹೇಳುತ್ತಾರೆ. ಹಾಗೆ ಬಂದ ಅಕೌಂಟೆಂಟ್ ಕೆಲಸದಲ್ಲೇ ನನಗೆ ಎರಡು ವರ್ಷ ದಾಟಿತು. ಸಂಬಳ ತಿಂಗಳ 5ರೊಳಗೆ ಕೈಗೆ ಬರುತ್ತಿದೆ. ಸೇರುವಾಗ ನಮ್ಮ ಭಾವ ಬೇಡ ಅಂದಿದ್ದರು, ಹಳೆಯ ಆಫೀಸಿನವರೂ ಬೇಡ ಅಂದಿದ್ದರು. ಈಗ ಅವರೇ ಫೋನ್ ಮಾಡಿ ಕಂಪನಿ ಸರಿ ಇದೆ ಅಂತ ಹೇಗೆ ನೋಡಿದೆ ಅಂತ ಕೇಳುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಪೀಣ್ಯ, ದಾಬಸ್‌ಪೇಟೆ ಕಡೆಯ ಸಣ್ಣ ಫ್ಯಾಕ್ಟರಿಗಳಲ್ಲಿ ಅಕೌಂಟ್ಸ್ ಕೆಲಸ ನಿಧಾನವಾಗಿ ಸಿಗೋದು ಕಡಿಮೆ. ಪ್ರತಿ ತಿಂಗಳು 7ಕ್ಕೆ ಟಿಡಿಎಸ್ (ಹಿಡಿದುಕೊಂಡ ತೆರಿಗೆ) ಕಟ್ಟಬೇಕು, 11ಕ್ಕೆ ಜಿಎಸ್‌ಟಿಆರ್-1 (ಮಾರಾಟದ ವಿವರ), 15ಕ್ಕೆ ಪಿಎಫ್ ಮತ್ತು ಇಎಸ್‌ಐ, 20ಕ್ಕೆ 3ಬಿ (ಜಿಎಸ್‌ಟಿ ತೆರಿಗೆ ಕಟ್ಟುವ ರಿಟರ್ನ್). ಇದರ ಮಧ್ಯೆ ಅಕೌಂಟೆಂಟ್ ಬಿಟ್ಟು ಹೋದರೆ ಮಾಲೀಕರು ಮೂರು ಸುತ್ತು ಇಂಟರ್‌ವ್ಯೂ ಮಾಡಿಕೊಂಡು ಕೂರೋಕೆ ಆಗುತ್ತಾ? 3ಬಿ ತಡವಾದರೆ ದಿನಕ್ಕೆ 50 ರೂಪಾಯಿ ಲೇಟ್ ಫೀ, ತೆರಿಗೆ ಮೇಲೆ ಶೇ. 18 ಬಡ್ಡಿ. ಹಾಗಾಗಿ ಆತುರ ಇರೋದು ಸಹಜ. ನಾನು ಹುಡುಕುವುದು ಒಂದೇ ಉತ್ತರ: ಕೆಲಸ ಜಾಸ್ತಿ ಇದೆ ಅಂತ ಆತುರವೋ, ಬಂದವರು ಯಾರೂ ನಿಲ್ಲುತ್ತಿಲ್ಲ ಅಂತ ಆತುರವೋ?

ಮೊದಲು ಬೇರೆ ದಾರಿಗಳನ್ನೂ ನೋಡಿದ್ದೆ. ಗೂಗಲ್ ರೇಟಿಂಗ್ ಪ್ರಯೋಜನಕ್ಕೆ ಬರಲಿಲ್ಲ. ನಾಲ್ಕು ಸ್ಟಾರ್ ಇದ್ದ ಒಂದು ಕಡೆ ನನಗೆ ಎರಡೂವರೆ ತಿಂಗಳ ಸಂಬಳ, ಸುಮಾರು 65-70 ಸಾವಿರ, ಇವತ್ತಿಗೂ ಬಂದಿಲ್ಲ. ಆ ಸ್ಟಾರ್ ಕೊಟ್ಟಿದ್ದವರೆಲ್ಲ ಗಿರಾಕಿಗಳು, ಕೆಲಸದವರಲ್ಲ. ಆಮೇಲೆ ಇಂಟರ್‌ವ್ಯೂನಲ್ಲೇ ಎಲ್ಲ ಪ್ರಶ್ನೆ ಕೇಳೋಕೆ ಶುರು ಮಾಡಿದೆ. ಸಂಬಳ ಯಾವತ್ತು ಹಾಕ್ತೀರಿ, ಹಿಂದಿನವರು ಯಾಕೆ ಬಿಟ್ಟರು, ಎಲ್ಲ ಒಟ್ಟಿಗೆ. ಎರಡು ಮೂರು ಒಳ್ಳೆಯ ಕಡೆ ಅಲ್ಲಿಗೇ ಮಾತು ಮುಗಿಯಿತು. ಗೇಟಿನ ಸೆಕ್ಯುರಿಟಿಯವರನ್ನೂ ಮಾತಾಡಿಸಿ ನೋಡಿದೆ. ಅವರು ಏಜೆನ್ಸಿ ಕಡೆಯವರು, ಅವರ ಸಂಬಳವೇ ಬೇರೆ ಕಡೆಯಿಂದ ಬರುತ್ತೆ.

ಈಗ ಮಾಡೋದು ಇಷ್ಟೇ. ಆಫರ್ ಅಂದ ತಕ್ಷಣ ಖುಷಿಯಿಂದಲೇ ಒಪ್ಪಿದ ಹಾಗೆ ಮಾತಾಡಿ, 'ನಾಳೆ ಸಂಜೆ ಹೇಳ್ತೀನಿ ಸಾರ್, ಅಷ್ಟರಲ್ಲಿ ಲೆಟರ್‌ಹೆಡ್‌ನಲ್ಲಿ ಒಂದು ಮೇಲ್ ಹಾಕಿ' ಅನ್ನುತ್ತೇನೆ. ಒಂದು ದಿನ ತಡೆಯೋಕೆ ಆಗದವರು ಅಲ್ಲೇ ಗೊತ್ತಾಗುತ್ತಾರೆ. ಲೆಟರ್‌ಹೆಡ್‌ನಲ್ಲಿ ಸಾಮಾನ್ಯವಾಗಿ ಜಿಎಸ್‌ಟಿ ನಂಬರ್ ಇರುತ್ತೆ. ಜಿಎಸ್‌ಟಿ ಪೋರ್ಟಲ್‌ನಲ್ಲಿ ಆ ನಂಬರ್ ಹಾಕಿ ಫೈಲಿಂಗ್ ಟೇಬಲ್ ತೆಗೆದು 3ಬಿ ತಾರೀಖು ನೋಡಿ. ಒಂದು ತಿಂಗಳು ತಡವಾಗಿದ್ದರೆ ತೊಂದರೆ ಇಲ್ಲ. ಮೂರು ನಾಲ್ಕು ತಿಂಗಳದ್ದು ಒಂದೇ ದಿನ ಹಾಕಿದ್ದರೆ ಕೈಯಲ್ಲಿ ದುಡ್ಡಿಲ್ಲ ಅಂತ ಲೆಕ್ಕ. ಮೂರು ತಿಂಗಳಿಗೊಮ್ಮೆ ಹಾಕುವ ಸ್ಕೀಮಿನವರನ್ನು ಇದರ ಜೊತೆ ಸೇರಿಸಬೇಡಿ.

ನನಗೆ ಇದಕ್ಕಿಂತ ಹೆಚ್ಚು ನಂಬಿಕೆ ಇರೋದು ಪಿಎಫ್ ಮೇಲೆ. ಪಿಎಫ್ ನೋಡಿಕೊಳ್ಳುವ ಇಪಿಎಫ್‌ಒ ವೆಬ್‌ಸೈಟ್‌ನಲ್ಲಿ ಕಂಪನಿ ಹೆಸರು ಹಾಕಿದರೆ ಯಾವ ತಿಂಗಳದ್ದು ಯಾವತ್ತು ಕಟ್ಟಿದ್ದಾರೆ, ಎಷ್ಟು ಜನರಿಗೆ ಕಟ್ಟಿದ್ದಾರೆ ಎಲ್ಲ ಕಾಣುತ್ತೆ. ನೆಲಮಂಗಲದ ಹತ್ತಿರ ಒಂದು ಕಡೆ ನನಗೆ 38 ಸಾವಿರ ಅಂದಿದ್ದರು. ಆಗ ನನ್ನ ಅನುಭವಕ್ಕೆ 30 ಸಿಕ್ಕರೆ ಹೆಚ್ಚು. ಟೇಬಲ್ ನೋಡಿದರೆ ಏಪ್ರಿಲ್‌ನಲ್ಲಿ 40 ಚಿಲ್ಲರೆ ಜನ, ಆಗಸ್ಟ್‌ಗೆ 22 ಅಥವಾ 23. ಪ್ರತಿ ತಿಂಗಳೂ ನಾಲ್ಕೈದು ಜನ ಇಳಿಯುತ್ತಾ ಬಂದಿದ್ದಾರೆ. ಕಟ್ಟಿದ ತಾರೀಖೂ 15 ದಾಟಿ 28ಕ್ಕೆ ಹೋಗಿತ್ತು. ಆ 38 ಸಾವಿರ ಕಾಗದದ ಮೇಲೇ ಇರುತ್ತಿತ್ತು.

ಇನ್ನೊಂದು ಪ್ರಶ್ನೆ ನಮ್ಮ ಕೆಲಸಕ್ಕೆ ಮಾತ್ರ ಸೇರಿದ್ದು. 'ಸಾರ್, ಜಿಎಸ್‌ಟಿ ಓಟಿಪಿ ಯಾರ ನಂಬರಿಗೆ ಬರುತ್ತೆ?' ಬಿಟ್ಟು ಹೋದ ಅಕೌಂಟೆಂಟ್ ನಂಬರಿಗೇ ಹೋಗುತ್ತಿದ್ದು, ಅವರು ಫೋನ್ ಎತ್ತುತ್ತಿಲ್ಲ ಅಂದರೆ ಅಲ್ಲಿ ಜಗಳ ಆಗಿದೆ, ಬಹುಶಃ ದುಡ್ಡಿಗೆ. ನಿಮ್ಮ ನಂಬರ್ ಹಾಕೋಣ ಅಂದರೆ ಅಲ್ಲಿಂದ ಎದ್ದು ಬನ್ನಿ.

ನಾನು ಸೇರಿದ ಕಡೆ, ಅದು ಪಾರ್ಟ್ನರ್‌ಶಿಪ್ ಫರ್ಮ್, ಮಾಲೀಕರು ಜೇಬಿನಿಂದ ತಮ್ಮ ಫೋನ್ ತೆಗೆದು ಟೇಬಲ್ ಮೇಲಿಟ್ಟು 'ಇದಕ್ಕೇ ಬರೋದು' ಅಂದರು. ಹಿಂದಿನ ಹುಡುಗಿ ಮದುವೆಯಾಗಿ ಹುಬ್ಬಳ್ಳಿಗೆ ಹೋಗಿದ್ದರು. ನಾನು ಕೇಳುವ ಮೊದಲೇ ಅವರ ನಂಬರ್ ಕೊಟ್ಟರು. ಪಿಎಫ್‌ನಲ್ಲಿ ಜನ 27ರಿಂದ 31ಕ್ಕೆ ಏರಿದ್ದರು. ಅವತ್ತು ತಾರೀಖು ಆಗಲೇ 16, 3ಬಿಗೆ ನಾಲ್ಕೇ ದಿನ. ಅವರು 28 ಸಾವಿರ ಅಂದರು, ನಾನು 32 ಕೇಳಿ 31ಕ್ಕೆ ಕೂತೆ. ಆತುರ ಅವರದ್ದಾಗಿದ್ದಾಗ ಅಷ್ಟು ಕೇಳಲೇಬೇಕು, ಅಲ್ವಾ? ಭಾವ ಇವತ್ತಿಗೂ ಈ 3 ಸಾವಿರದ ವಿಷಯ ನಂಬುವುದಿಲ್ಲ.

ಫ್ಯಾಕ್ಟರಿಯನ್ನು ಒಂದು ಸಲ ಸಂಜೆ ಹೊತ್ತು ಹೋಗಿ ನೋಡುತ್ತೇನೆ. ಅಲ್ಲಿ ಏನು ನೋಡುತ್ತೇನೆ ಅನ್ನೋದನ್ನು ಬರೆಯುವುದಿಲ್ಲ. ಮಾಲೀಕರೂ ಓದುತ್ತಾರೆ. ಒರಿಜಿನಲ್ ಮಾರ್ಕ್ಸ್‌ಕಾರ್ಡ್ ಇಟ್ಟುಕೊಳ್ಳುತ್ತೇವೆ ಅನ್ನುವವರು, ಟ್ರೇನಿಂಗ್‌ಗೆ ದುಡ್ಡು ಕಟ್ಟಿ ಅನ್ನುವವರಿಗೆ ಈ ಲೆಕ್ಕವೇ ಬೇಡ, ಬಾಗಿಲಲ್ಲೇ ಬಿಡಿ. ನಮ್ಮ ಅಕ್ಕನ ಮಗ ಡೇಟಾ ಎಂಟ್ರಿ ಅಂತ 2,500 ಕಟ್ಟೋಕೆ ಹೊರಟಿದ್ದ. ಕಟ್ಟಿಬಿಟ್ಟಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕಾಗುತ್ತಿತ್ತು.

ಸುಮ್ನೆ ಒಂದು ಪ್ರಯೋಗವನ್ನೂ ಮಾಡಿದ್ದೆ. ಜಾಬ್ ಸೈಟ್‌ನಲ್ಲಿ ಪ್ರೊಫೈಲ್ ಅನ್ನು ಒಂದು ತಿಂಗಳು 1ನೇ ತಾರೀಖಿಗೆ ಅಪ್‌ಡೇಟ್ ಮಾಡಿದೆ, ಇನ್ನೊಂದು ತಿಂಗಳು 12ಕ್ಕೆ. 1ಕ್ಕೆ ಮಾಡಿದಾಗ ವಾರದಲ್ಲಿ ಎರಡೋ ಮೂರೋ ಫೋನ್. 12ಕ್ಕೆ ಮಾಡಿದಾಗ ಹತ್ತರ ಹತ್ತಿರ, ಅದರಲ್ಲಿ ಅರ್ಧ ಜನ ನಾಳೆಯೇ ಬನ್ನಿ ಅನ್ನುವವರು. ಇಪ್ಪತ್ತಕ್ಕಿಂತ ಕಡಿಮೆ ಜನ ಇರುವ ಕಡೆ ಪಿಎಫ್ ಕಡ್ಡಾಯ ಇಲ್ಲ, ಪಿಎಫ್ ಟೇಬಲ್ ಹೆಚ್ಚಾಗಿ ಸಿಗುವುದಿಲ್ಲ. ಅಂಥ ಕಡೆಗೆ ಈಗ ಲೇಬರ್ ಚಾರ್ಜ್ ಬಿಲ್ಲುಗಳನ್ನು ಹಿಡಿದು ಒಂದು ದಾರಿ ಹುಡುಕುತ್ತಿದ್ದೇನೆ. ಇಬ್ಬರು ಗೆಳೆಯರ ವಿಷಯದಲ್ಲಿ ಸರಿ ಬಂತು, ಒಬ್ಬರದ್ದರಲ್ಲಿ ಕೈ ಕೊಟ್ಟಿತು.