ಸಿಬೇಲಿಯಸ್‌ನ ‘ಸ್ಯುದಾಮೆನಿ ಲೌಲು’: ಕನ್ನಡದ ಗಂಟಲಿಗೆ ಒಗ್ಗಿಸುವ ಬಗೆ

ಫಿನ್ಲೆಂಡಿನ ಸಾಹಿತಿ ಅಲೆಕ್ಸಿಸ್ ಕಿವಿ 1870ರ ಕಾದಂಬರಿಯಲ್ಲಿ ಫಿನ್ನಿಶ್ ಭಾಷೆಯಲ್ಲಿ ಬರೆದ ಜೋಗುಳವಿದು. ಹೆಸರಿನ ಅರ್ಥ ‘ನನ್ನ ಹೃದಯದ ಹಾಡು’. ತಾಯಿ ಮಗುವನ್ನು ಸಾವಿನ ದೇವರ ಇರುಳ ತೋಪಿಗೆ ಕಳಿಸುತ್ತಾಳೆ. ಅಲ್ಲಿ ಮರಳಿನ ತೊಟ್ಟಿಲಿದೆ, ಫಿನ್ಲೆಂಡಿನ ಬೇಸಿಗೆ ರಾತ್ರಿಗಳಲ್ಲಿ ಗುರುಗುಟ್ಟುವ ನತ್ತಿಂಗ ಹಕ್ಕಿಯ ದನಿಯಿದೆ. ಅದೇ ದೇಶದ ಸಂಯೋಜಕ ಸಿಬೇಲಿಯಸ್ 1898ರಲ್ಲಿ ಇದನ್ನು ಗಂಡಸರ ವೃಂದಕ್ಕೆ ಸಂಯೋಜಿಸಿದ. ಆಮೇಲೆ ಮಿಶ್ರ ವೃಂದದ ರೂಪವೂ ಬಂತು. ಪಕ್ಕವಾದ್ಯವಿಲ್ಲ. ವೃಂದದ ನಾಲ್ಕೂ ದನಿಗಳು, ಅಂದರೆ ಬೇರೆ ಬೇರೆ ಎತ್ತರದಲ್ಲಿ ಹಾಡುವ ನಾಲ್ಕು ಗುಂಪುಗಳು, ಹೆಚ್ಚುಕಡಿಮೆ ಒಟ್ಟಿಗೇ ಮಾತು ಉಚ್ಚರಿಸುವುದರಿಂದ ಒಬ್ಬರು ತಪ್ಪಿದರೂ ಕೇಳಿಸುತ್ತದೆ.

ಮೊದಲು ರಾಗ ಬಿಟ್ಟು ಮಾತು ಕಲಿಯಿರಿ. ಇಲ್ಲಿ ಕನ್ನಡಿಗರಿಗೆ ಅನುಕೂಲ ಹೆಚ್ಚು: ಹ್ರಸ್ವ ದೀರ್ಘ, ಒತ್ತಕ್ಷರ ನಮಗೆ ಹೊಸದಲ್ಲ. ‘ಇಲ್ಲನ್ ತುಲ್ಲೆನ್ ತೂದಿತೆಲ್ಲ’ ಎಂಬ ಸಾಲಿನ ಲ್ಲ ಮೂರೂ ಕಡೆ ನಿಂತು ಬರಲಿ. ಪ, ತ, ಕಗಳಿಗೆ ಉಸಿರು ಸೇರಿಸಬೇಡಿ. ತ ನಮ್ಮ ದಂತ್ಯ ತ, ಇಂಗ್ಲಿಷಿನ ಟ ಅಲ್ಲ. ‘ಲೆಹ್ತೊ’ದ ಹ ಕೇಳಿಸಲೇಬೇಕು, ಅದನ್ನು ನುಂಗಿದರೆ ಪದ ಮುರಿಯುತ್ತದೆ.

ಎಡವುವುದು ಸ್ವರಾಕ್ಷರಗಳಲ್ಲಿ. ನಮ್ಮ ‘ಅ’ ಬಾಯಿ ಅರ್ಧ ಮುಚ್ಚಿದಂತೆ ಬರುತ್ತದೆ. ‘ಲಪ್ಸೆನಿ’ಗೆ ಬಾಯಿಯನ್ನು ‘ಆ’ದಷ್ಟು ತೆರೆದು ‘ಅ’ದಷ್ಟೇ ಹೊತ್ತು ಹಿಡಿಯಿರಿ. ‘ಲ್ಯುಸ್ತಿ’ಯ ಸ್ವರಕ್ಕೆ ನಾಲಿಗೆ ‘ಇ’ ಜಾಗದಲ್ಲಿರಲಿ, ತುಟಿ ‘ಉ’ಕ್ಕೆ ದುಂಡಾಗಲಿ. ‘ಓಯಿನೆನ್’ ಎಂದು ಬರೆದುಕೊಳ್ಳುವ ಪದದ ಮೊದಲ ಸ್ವರಕ್ಕೆ ನಾಲಿಗೆ ‘ಎ’, ತುಟಿ ‘ಒ’. ಒತ್ತು ಯಾವಾಗಲೂ ಮೊದಲ ಅಕ್ಷರಕ್ಕೆ. ಕೊನೆಯ ನಕಾರಕ್ಕೆ ‘ಉ’ ಅಂಟಿಸುವ ಅಭ್ಯಾಸ ಬಲವಾದದ್ದು: ‘ಇಮ್ಮೆನ್’ ಬದಲು ‘ಇಮ್ಮೆನು’ ಆಗುತ್ತದೆ. ನಿರ್ದೇಶಕರ ಕೈ ಮುಚ್ಚಿದಾಗ ಎಲ್ಲರ ನಾಲಿಗೆಯೂ ಒಮ್ಮೆಗೇ ಮೇಲಕ್ಕೆ ತಾಗಿ ಅಲ್ಲೇ ನಿಲ್ಲಬೇಕು.

ಉಸಿರಿಗೆ ಸರದಿ ಬೇಕು. ಒಂದು ದನಿಗೆ ನಾಲ್ವರಿದ್ದರೆ ಪ್ರತಿಯೊಬ್ಬರೂ ಬೇರೆ ಬೇರೆ ಜಾಗಕ್ಕೆ ಪೆನ್ಸಿಲ್ ಗುರುತು ಹಾಕಿಕೊಳ್ಳಲಿ. ಸಾಲಿನ ಕೊನೆಯಲ್ಲಲ್ಲ, ಉದ್ದ ಸ್ವರದ ನಡುವೆ. ದನಿ ತಗ್ಗಿಸುತ್ತ ಬಿಟ್ಟು, ಅಷ್ಟೇ ಮೆತ್ತಗೆ ಮತ್ತೆ ಸೇರಿಕೊಳ್ಳಿ. ಪದವನ್ನು ಪುನಃ ಶುರುಮಾಡಬಾರದು, ಸ್ವರಾಕ್ಷರಕ್ಕಷ್ಟೇ ಸೇರಬೇಕು.

ಕರ್ನಾಟಕ ಸಂಗೀತ ಕಲಿತವರು ಸ್ವರದಿಂದ ಸ್ವರಕ್ಕೆ ಜಾರುತ್ತಾರೆ. ಇಲ್ಲಿ ಗಮಕ ಬಂದರೆ ನಾಲ್ಕು ದನಿಗಳ ಹೊಂದಿಕೆ ಕೂಡಲೇ ಕಲಕುತ್ತದೆ, ಆದ್ದರಿಂದ ನೇರ ಸ್ವರ.

ಶ್ರುತಿ ಇಳಿಯುವುದು ಮೆಲ್ಲಗೆ ಹಾಡುವಾಗಲೇ. ಉಸಿರಿನ ಆಸರೆ ಸಡಿಲಾಗುತ್ತದೆ, ಇಳಿಯುವ ಹೆಜ್ಜೆಗಳು ಬೇಕಾದ್ದಕ್ಕಿಂತ ದೊಡ್ಡದಾಗುತ್ತವೆ. ಅಭ್ಯಾಸದಲ್ಲಿ ಆಧಾರ ಸ್ವರಕ್ಕೆ ತಂಬೂರಿ ಹಿಡಿದು ನಿಧಾನವಾಗಿ ಹಾಡಿ, ಆಮೇಲೆ ತಂಬೂರಿ ಇಲ್ಲದೆ ಕೊನೆಯವರೆಗೆ ಹೋಗಿ ಪಿಚ್ ಪೈಪ್ (ಶ್ರುತಿ ಕೊಡುವ ಪುಟ್ಟ ಊದುವ ಸಾಧನ) ಊದಿ ನೋಡಿ. ಅರ್ಧ ಸ್ವರ ಇಳಿದಿದ್ದರೆ ಸಾಲು ಸಾಲಾಗಿ ಪರೀಕ್ಷಿಸಿ, ಜಾರಿದ ಸಾಲನ್ನು ಮಾತಿಲ್ಲದೆ ‘ನೂ’ ಎಂದು ತಿದ್ದಿಕೊಳ್ಳಿ.